ಮಸ್ತಾನನ ಗಾದಿ

ಟವೆಲ್ಲಿನ ತುದಿಯನ್ನು ಬಾಯಿಗೆ ತುರುಕಿ, ಹಲ್ಲು ಕಚ್ಚಿ, ಸಂಘರತ್ನ ಮನೆಯ ಹಿಂದಿನ ಗೋಡೆಗೆ ಹಣೆ ಒತ್ತಿಕೊಂಡು ನಿಂತಿದ್ದ. ಗೋಡೆಯ ಆಚೆ ರತ್ನಮಾಲಾಳ ಹೆಣದ ಸುತ್ತ ಕೂತ ಹೆಂಗಸರು ಅಳುತ್ತಿದ್ದರು. ಅವರ ದನಿ ಏರಿದಾಗಲೆಲ್ಲ ಅವನ ಹೊಟ್ಟೆಯ ತಳದಿಂದ ನಗು ಎದ್ದು, ಎದೆ ಹತ್ತಿ, ಟವೆಲ್ಲಿಗೆ ಡಿಕ್ಕಿ ಹೊಡೆದು ಕೆಳಗಿಳಿಯುತ್ತಿತ್ತು. ಇಳಿದದ್ದು ಹೋಗಿಬಿಡುತ್ತಿರಲಿಲ್ಲ. ಅಲ್ಲೇ ಮುದುರಿ ಕೂತು ಇನ್ನೊಂದು ದನಿಗೆ ಕಾಯುತ್ತಿತ್ತು.

ಅವನ ಹೆಂಡತಿ ಸುಜಾತಾ ನೀರಿನ ಕೊಡ ಹೊತ್ತು ಹಿತ್ತಿಲಿಗೆ ಬಂದವಳು, ಗಂಡನನ್ನು ಕಂಡು ಕೊಡ ಇಳಿಸಿದಳು.

“ಬಂತೇನ್ರಿ?”

ಇಲ್ಲವೆಂದು ತಲೆಯಾಡಿಸಿದ.

“ಮನಿಗೆ ಹೋಗ್ರಿ. ಜ್ವರಾ ಬಂದಾವ ಅಂತ ನಾ ಹೇಳ್ತೇನಿ.”

ಅವನು ಟವೆಲ್ಲು ತೆಗೆದ. ದವಡೆ ನೋಯುತ್ತಿತ್ತು. “ರತ್ನಕ್ಕನ ಮಣ್ಣಿಗೆ ನಾ ಇರಲಿಲ್ಲಂದ್ರ ಹ್ಯಾಂಗ?”

“ಇದ್ದು ನಕ್ಕೀರಂದ್ರ ಹ್ಯಾಂಗ?”

ಹುಮನಾಬಾದ್ ಬೈಪಾಸಿನಲ್ಲಿ ಮೋಟಾರ್ ಸೈಕಲ್ಲಿನಿಂದ ಬಿದ್ದು ತಲೆಗೆ ಪೆಟ್ಟಾದಂದಿನಿಂದ ಅವನಿಗೆ ದುಃಖವಾದರೆ ನಗು ಬರುತ್ತಿತ್ತು. ಮುಗುಳ್ನಗೆಯಲ್ಲ, ಹೊಟ್ಟೆ ಹಿಡಿದುಕೊಂಡು, ಬಾಯಿ ತೆರೆದು, ನಿಲ್ಲಿಸೆಂದರೂ ನಿಲ್ಲದ ನಗು. ಅದಕ್ಕೆ ಮೊದಲು ಅವನು ಮನೆಗಳಿಗೆ ವೈರಿಂಗ್ ಮಾಡುತ್ತಿದ್ದ. ಹಾಗಾಗಿ ತನಗಾದದ್ದನ್ನು ಹಾಗೆಯೇ ಅರ್ಥಮಾಡಿಕೊಂಡಿದ್ದ: ಈ ಕೋಣೆಯ ಸ್ವಿಚ್ ಒತ್ತಿದರೆ ಆ ಕೋಣೆಯ ದೀಪ ಹತ್ತುತ್ತದೆ. ವೈರು ಗೋಡೆಯೊಳಗಿದೆ. ಗೋಡೆ ಒಡೆಯುವಂತಿಲ್ಲ.

“ಚಾಚಾಗ ಯಾರೋ ಫೋನ್ ಹಚ್ಯಾರ,” ಎಂದಳು ಸುಜಾತಾ. “ಕಲ್ಯಾಣದಿಂದ ಹೊಂಟಾರಂತ.”

ಚಾಚಾ ಎಂದರೆ ಸೈಫುದ್ದೀನ್. ಬಸವಕಲ್ಯಾಣದಲ್ಲಿ ಲಾರಿಗಳ ಸೀಟಿಗೆ ಗಾದಿ ಹೊಲಿಯುವ ಅಂಗಡಿಯ ಮಾಲೀಕ. ಸಂಘರತ್ನ ಅಲ್ಲಿ ಕೆಲಸಗಾರ. ಕಳೆದ ವಾರ ಚಾಚಾ ಅಂಗಡಿಯ ಬಾಗಿಲ ಬಳಿ ಹಸಿರು ಮಖಮಲ್ಲಿನ ಗಾದಿಯೊಂದನ್ನು ಹಾಕಿಸಿ, “ಸೋಮಾರದಿಂದ ನೀ ಹೊಲಿಯೂದು ಬ್ಯಾಡ ಬೇಟಾ. ಇಲ್ಲಿ ಕೂಡು. ಸುಮ್ಮ ಕೂಡು,” ಎಂದಿದ್ದ. ಅವನ ನಗು ಒಳ್ಳೆಯ ಶಕುನವೆಂದು ಲಾರಿ ಡ್ರೈವರುಗಳು ನಂಬಿದ್ದರು. ದರ್ಗಾದ ಬಾಗಿಲಲ್ಲಿ ಕೂತು ತನ್ನಷ್ಟಕ್ಕೆ ನಗುವ ಫಕೀರನಿಗೆ ಹೇಳುವಂತೆ ಅವನಿಗೆ ‘ಮಸ್ತಾನ’ ಎನ್ನತೊಡಗಿದ್ದರು. ಮಸ್ತಾನನಿಗೆ ಸೂಜಿ ಯಾಕೆ?

ಆ ಹಸಿರು ಗಾದಿಯನ್ನು ಹೊಲಿದವನು ಸಂಘರತ್ನನೇ. ಯಾರಿಗೆಂದು ಆಗ ಯಾರೂ ಹೇಳಿರಲಿಲ್ಲ.

ಫೋನಿನಲ್ಲಿ ಅಳಲೂ ಆಗದೆ ನಗುತ್ತ ಅವನು ಇದನ್ನು ರತ್ನಮಾಲಾಳಿಗೆ ಹೇಳಿದ್ದ. “ನೀ ಗಾಬರ್‍ಯಾಗಬ್ಯಾಡ. ನಾ ಮಾತಾಡ್ತೇನಿ,” ಎಂದಿದ್ದಳು. ನಿನ್ನೆ ಶನಿವಾರ, ಹುಮನಾಬಾದ್ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಲ್ಲೇ, ಉಡಿಯಲ್ಲಿ ಶೇಂಗಾ ಇಟ್ಟುಕೊಂಡು, ಎದೆನೋವೆಂದು ಪಕ್ಕದವಳಿಗೆ ಹೇಳಿ ಸತ್ತಿದ್ದಳು.

“ನಾಳೆ ಸೋಮಾರ,” ಎಂದ ಸಂಘರತ್ನ.

“ಗೊತ್ತದ,” ಎಂದಳು ಸುಜಾತಾ. ಟವೆಲ್ಲಿನ ಒದ್ದೆ ತುದಿಯನ್ನು ಹಿಂಡಿ, ಒಣ ತುದಿಯನ್ನು ಅವನ ಕೈಗಿಟ್ಟಳು.

*

ರತ್ನಮಾಲಾ ಘಾಟಬೋರಾಳ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತೆ. ಹೆಸರು ಉದ್ದ, ಕೆಲಸವೆಂದರೆ ಊರಿನ ಅಂಗವಿಕಲರಿಗೆ ಪಿಂಚಣಿ, ಬಸ್ ಪಾಸು, ಗಾಲಿಕುರ್ಚಿ ಕೊಡಿಸಲು ಕಚೇರಿಯಿಂದ ಕಚೇರಿಗೆ ಅಲೆಯುವುದು. ಅವಳ ಎಡಗಾಲನ್ನು ಸಣ್ಣಂದಿನಲ್ಲೇ ಪೋಲಿಯೊ ತಿಂದಿತ್ತು. ಕಂಕುಳಲ್ಲಿ ಊರುಗೋಲು. ಮದುವೆಯಾಗಿರಲಿಲ್ಲ, ಯಾರಾದರೂ ಕೇಳಿದರೆ “ನನ್ನ ಕೋಲಿಗೆ ಸವತಿ ಬ್ಯಾಡ ಅಂತದ,” ಎನ್ನುತ್ತಿದ್ದಳು.

ಅವಳು ಸಂಘರತ್ನನ ಮನೆಗೆ ಮೊದಲ ಸಲ ಬಂದಾಗ ಅವನು ತಿಂಗಳುಗಟ್ಟಲೆ ಹೊಸ್ತಿಲು ದಾಟಿರಲಿಲ್ಲ. ಅಪ್ಪನ ಮಣ್ಣಿನಲ್ಲಿ ನಕ್ಕಿದ್ದ. ಚಿಕ್ಕಪ್ಪಂದಿರು ಗುಂಡಿಯ ಪಕ್ಕದಲ್ಲೇ ಹಾಕಿ ಹೊಡೆದಿದ್ದರು. ಅಂದಿನಿಂದ ಊರಿಗೆ ಅವನು ‘ನಗೋ ಸಂಘ್ಯಾ’.

ರತ್ನಮಾಲಾ ಊಟ ಬೇಡಿ ಉಂಡಳು. ಪಲ್ಯಕ್ಕೆ ಖಾರ ಸಾಲದೆಂದು ಸುಜಾತಾಳನ್ನು ಬೈದಳು. ಕೈ ತೊಳೆದು, ಗೋಡೆಗೆ ಕೋಲು ಆನಿಸಿ, “ನಿಮ್ಮಪ್ಪ ನನಗ ಹೆಗಲ ಮ್ಯಾಲ ಕೂಡಿಸಿಕೊಂಡು ಸಾಲಿಗೆ ಒಯ್ಯತಿದ್ದ. ಹಳ್ಳಾ ಬಂದಾಗ,” ಎಂದಳು.

ಸಂಘರತ್ನ ನಗಲು ಶುರುಮಾಡಿದ. ಸುಜಾತಾ ಓಡಿಬಂದು “ಅಕ್ಕಾ, ತಪ್ಪ ತಿಳೀಬ್ಯಾಡ್ರಿ,” ಎನ್ನುತ್ತಿದ್ದಳು. ರತ್ನಮಾಲಾ ಕೈಯೆತ್ತಿ ಅವಳನ್ನು ಸುಮ್ಮನಾಗಿಸಿದಳು. ಕೆಟ್ಟ ಇಂಜಿನ್ನಿನ ಸಪ್ಪಳ ಕೇಳುವ ಮಿಸ್ತ್ರಿಯ ಹಾಗೆ ತಲೆ ಓರೆಮಾಡಿ ಅವನನ್ನೇ ನೋಡಿದಳು.

“ಸಂಘಾ, ನೀ ಅಳಾಕತ್ತೀ ಏನೋ?”

ಅಪಘಾತವಾದ ಮೇಲೆ ಅವನಿಗೆ ಬಹಳ ಜನ ಬಹಳ ಪ್ರಶ್ನೆ ಕೇಳಿದ್ದರು. ಇದನ್ನು ಯಾರೂ ಕೇಳಿರಲಿಲ್ಲ. ಅವನು ನಗುತ್ತಲೇ ತಲೆಯಾಡಿಸಿದ, ಹೌದು, ಹೌದು. ಅವಳು ಉಡಿಯಿಂದ ಶೇಂಗಾ ತೆಗೆದು ಒಡೆಯುತ್ತ ಕೂತಳು. ಅದು ಮುಗಿಯುವವರೆಗೂ ಕೂತಳು.

“ಅತ್ತಾತಲಾ? ಸೈ. ಈಗ ಹೇಳು, ಏನೇನ ಕೆಲಸಾ ಬರ್ತದ ನಿನಗ?”

ಮುಂದೆ ಬೀದರಿನ ಡಾಕ್ಟರೊಬ್ಬರೂ ಅದನ್ನೇ ಹೇಳಿದರು: ಮಿದುಳಿಗೆ ಪೆಟ್ಟಾದರೆ ಹೀಗಾಗುತ್ತದೆ, ಒಳಗಿನದೊಂದು ಹೊರಗಿನದೊಂದು. ರತ್ನಮಾಲಾ ಅವನನ್ನು ಮೊದಲು ಹುಮನಾಬಾದಿನ ಒಂದು ಖಾನಾವಳಿಗೆ ಸೇರಿಸಿದಳು. ಒಂದು ಮಧ್ಯಾಹ್ನ ಗಿರಾಕಿಯೊಬ್ಬ ತಮ್ಮ ತೀರಿಹೋದನೆಂದು ಫೋನಿನಲ್ಲಿ ಅಳುತ್ತಿದ್ದಾಗ, ಅವನ ತಟ್ಟೆಗೆ ಸಾರು ಬಡಿಸುತ್ತಿದ್ದ ಸಂಘರತ್ನ ನಕ್ಕುಬಿಟ್ಟ. ಸಾರಿನ ಬಕೆಟ್ಟಿನ ಸಮೇತ ಅವನನ್ನು ರಸ್ತೆಗೆ ದಬ್ಬಿದರು.

“ಕೆಲಸಾ ಹಚ್ಚೂದು ಅರ್ಧಾ,” ಎಂದಳು ರತ್ನಮಾಲಾ, ಅವನ ತುಟಿಯ ರಕ್ತ ಒರೆಸುತ್ತ. “ಅಲ್ಲಿ ಮಂದೀಗಿ ಕಲಸೂದು ಇನ್ನರ್ಧಾ. ಈ ಸಲ ನಾನೂ ನಿನ್ನ ಜೋಡಿ ಬಂದು ಕೂಡ್ತೇನಿ.”

*

ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಬಿಳಿ ಸೀರೆ ಉಡಿಸಿ, ತಲೆಯ ಬಳಿ ಮೇಣದ ಬತ್ತಿ ಹಚ್ಚಿ ರತ್ನಮಾಲಾಳನ್ನು ಮಲಗಿಸಿದ್ದರು. ತಾಯಿ ಶೇವಂತಾಬಾಯಿ ಮಗಳ ಸಣ್ಣಗಾದ ಎಡಗಾಲನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಆ ಮುದುಕಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಯಾರು ಏನೆಂದರೂ “ಹೌದವ್ವಾ, ಹೌದು” ಎನ್ನುತ್ತಿದ್ದಳು.

ಸಂಘರತ್ನ ಗಂಡಸರ ಸಾಲಿನ ಕೊನೆಗೆ, ಕಂಬಕ್ಕೆ ಒರಗಿ ಕೂತ. ಹೆಣದ ಕಡೆ ನೋಡಲಿಲ್ಲ. ಶಾಮಿಯಾನದ ಬಟ್ಟೆಯ ಹೊಲಿಗೆ ನೋಡುತ್ತಿದ್ದ. ಒಂದು ಕಡೆ ದಾರ ಬಿಟ್ಟಿತ್ತು. ಅದನ್ನೇ ನೋಡಿದರೆ ನಗು ಕೆಳಗಿರುತ್ತಿತ್ತು.

“ಪಂಚಾಯತಿ ಸಾಹೇಬ ಆಕಿ ಕೋಲಿನ ಸಪ್ಪಳಾ ಕೇಳಿದ್ರ ಹಿಂದಿನ ಬಾಗಲದಿಂದ ಓಡ್ತಿದ್ದ,” ಎಂದಳು ನೆರೆಮನೆಯ ಯಶೋದಾಬಾಯಿ, ಕಣ್ಣೊರೆಸಿಕೊಳ್ಳುತ್ತ.

“ಓಡಿ ಎಲ್ಲಿ ಹೋಗ್ತಾನ? ಹಿಂದಿನ ಬಾಗಲಕ್ಕೇ ಈಕಿ ತನ್ನ ಮೂರ ಗಾಲಿ ಸ್ಕೂಟಿ ಹಚ್ಚಿರ್ತಿದ್ಲು,” ಎಂದಳು ಇನ್ನೊಬ್ಬಳು.

ಅಳುತ್ತಿದ್ದವರು ನಕ್ಕರು. ಅವರು ನಗಬಹುದಿತ್ತು. ಅವರ ನಗುವಿಗೆ ಯಾರೂ ಅರ್ಥ ಕೇಳುತ್ತಿರಲಿಲ್ಲ. ಸಂಘರತ್ನನಿಗೆ ಆ ನಗು ಕೇಳಿ ಭಯವಾಯಿತು. ತನ್ನದು ಅದರ ಜೊತೆ ಎದ್ದುಬಿಟ್ಟರೆ, ಅವರದು ನಿಂತಮೇಲೂ ನಿಲ್ಲದಿದ್ದರೆ.

“ನಗ್ರಿ, ನಗ್ರಿ,” ಎಂದ ರಾಜೀವ. ರತ್ನಮಾಲಾಳ ತಮ್ಮ. ಸೊಲ್ಲಾಪುರದಲ್ಲಿ ಕೆಲಸ, ನಸುಕಿನಲ್ಲೇ ಬಂದಿದ್ದ. ಕಣ್ಣು ಕೆಂಪಾಗಿದ್ದವು. “ನಿಮ್ಮ ಕೆಲಸಾ ಆಗ್ಯಾವಲಾ. ಊರ ಮಂದೀ ಸಲುವಾಗಿ ಕುಂಟಗಾಲು ಎಳಕೊಂಡು ಎಳಕೊಂಡು ಸತ್ಲು ನಮ್ಮಕ್ಕ. ನಿನ್ನೆ ಹುಮನಾಬಾದಿಗಿ ಯಾಕ ಹೋಗಿದ್ಲು? ಯಾರ ಸಲುವಾಗಿ? ಯಾರರ ಒಬ್ಬರ ಹೇಳ್ರಿ.”

ಸಂಘರತ್ನ ಮತ್ತೆ ಬಿಟ್ಟ ದಾರದ ಕಡೆ ಕಣ್ಣು ಹೊರಳಿಸಿದ. ಬಸವಕಲ್ಯಾಣದಿಂದ ಊರಿಗೆ ಬರುವಾಗ ಬಸ್ಸು ಬದಲಿಸುವುದು ಹುಮನಾಬಾದಿನಲ್ಲಿ. ಶನಿವಾರ ಅವನು ತಲೆನೋವೆಂದು ಕೆಲಸಕ್ಕೆ ಹೋಗಿರಲಿಲ್ಲ. ಅವಳು ಅಂಗಡಿಗೇ ಹೋಗಿರಬೇಕು.

ಆಗ ಬೀದಿಯ ತುದಿಯಲ್ಲಿ ಲಾರಿಯೊಂದು ನಿಂತ ಸದ್ದಾಯಿತು.

*

“ತಲಿಗೆ ಪೆಟ್ಟಾದವ,” ಎಂದಿದ್ದ ಸೈಫುದ್ದೀನ್, ರತ್ನಮಾಲಾ ಅವನನ್ನು ಅಂಗಡಿಗೆ ಕರೆತಂದ ಮೊದಲ ದಿನ. “ಸೂಜಿ ಹ್ಯಾಂಗ ಕೈಯಾಗ ಕೊಡ್ಲಿ ಬಾಯಿ?”

“ಕೈಯಾಗೇ ಕೊಡ್ರಿ ಚಾಚಾ. ತಲ್ಯಾಗ ಕೊಡ್ರಿ ಅಂತ ನಾ ಎಲ್ಲಿ ಅಂದೆ?”

ಸೈಫುದ್ದೀನ್ ಗಡ್ಡದೊಳಗೆ ನಕ್ಕ. “ಹುಷಾರಿದ್ದಿ. ಏನರ ಕಮ್ಮಿ ಜಾಸ್ತಿ ಆದ್ರ ಜಿಮ್ಮಾ ಯಾರದು?”

“ನಂದು.”

ಹೊಣೆ ಹೊತ್ತ ಆ ಒಂದು ಮಾತಿನ ಮೇಲೆ ಕೆಲಸ ಸಿಕ್ಕಿತ್ತು. ಪಂಚಾಯಿತಿಯ ಗಡಿ ದಾಟಿದರೆ ರತ್ನಮಾಲಾಳ ಕೆಲಸ ಮುಗಿಯಬೇಕು. ಆದರೂ ಅವಳು ಬಸ್ಸು ಹತ್ತಿ ಬಂದು ಅಂಗಡಿಯಲ್ಲಿ ಬೋರಲು ಹಾಕಿದ ಡಬ್ಬಿಯ ಮೇಲೆ ಕೂತಳು. ಮೊದಮೊದಲು ದಿನವೂ, ಆಮೇಲೆ ಆಗಾಗ. “ರೆಗ್ಜಿನ್ ಕತ್ತರಸು, ಸ್ಪಂಜ್ ತುಂಬು, ಹಂಗೇ ಆ ಟಾಟಾದ ಸೀಟ್ ಬಿಚ್ಚು,” ಎಂದು ಚಾಚಾ ಒಂದೇ ಉಸಿರಿಗೆ ಹೇಳಿದರೆ ಸಂಘರತ್ನನೊಳಗೆ ಎಲ್ಲ ಕಲಸಿಹೋಗಿ ಕತ್ತರಿ ಹಿಡಿದು ನಿಂತುಬಿಡುತ್ತಿದ್ದ. ರತ್ನಮಾಲಾ ಕೋಲಿನಿಂದ ನೆಲ ಕುಟ್ಟುತ್ತಿದ್ದಳು. “ಚಾಚಾ, ಟ್ರಾಫಿಕ್ ಜಾಮ್ ಆತು. ಒಂದ ಮಾತು ಬಿಡ್ರಿ. ಅದು ದಾಟಿದ ಮ್ಯಾಲ ಇನ್ನೊಂದು ಬಿಡ್ರಿ.” ಕಂಪ್ರೆಸರಿನ ಸದ್ದಿಗೆ ಅವನ ತಲೆ ಸಿಡಿಯುತ್ತದೆಂದು ಅವನ ಹಲಗೆಯನ್ನು ಹಿಂದಿನ ಗೋಡೆಗೆ ಸರಿಸಿದಳು. ಸೀಟಿನ ಎಡ ಬಲ ಮರೆಯುತ್ತಾನೆಂದು ಎಡಮೂಲೆಗೆ ಕೆಂಪು ದಾರ ಕಟ್ಟುವುದನ್ನು ರೂಢಿ ಮಾಡಿಸಿದಳು. ಒಂದು ಸಲ ಅವನು ತಪ್ಪಿ ಹುಲಸೂರಿನ ಬಸ್ಸು ಹತ್ತಿ ನಿದ್ದೆ ಹೋಗಿ ಅರ್ಧ ದಿನ ಕಳೆದು ಬಂದಾಗ, ಚಾಚಾ ಬಾಯಿ ತೆರೆಯುವ ಮೊದಲೇ ಕಂಡಕ್ಟರುಗಳನ್ನೆಲ್ಲ ಸಾಲಾಗಿ ಬೈದು ಬಂದಿದ್ದಳು. ಉಳಿದ ಕೆಲಸಗಾರರಿಗೆ ಅವಳದೊಂದೇ ಪಾಠ: “ಅಂವ ನಕ್ಕರ ಅಳಾಕತ್ತಾನ ಅಂತ ತಿಳೀರಿ. ಏನೂ ಕೇಳಬ್ಯಾಡ್ರಿ. ಮುಗಿಯೂತನ ನಿಮ್ಮ ಕೆಲಸಾ ನೀವು ಮಾಡ್ರಿ.”

ಅವರು ಕಲಿತರು. ಅವನ ಹೊಲಿಗೆ ನೇರವಾಯಿತು. ಒಂದು ಗಾದಿ ಮುಗಿಸಿ ಅದರ ಮೇಲೆ ಅಂಗೈ ಒತ್ತಿದಾಗ ಸ್ಪಂಜು ಕೆಳಗಿಳಿದು ಮೇಲೆ ಬರುತ್ತದಲ್ಲ, ಆಗ ಅವನಿಗೆ ತಾನು ಇದ್ದೇನೆ ಅನ್ನಿಸುತ್ತಿತ್ತು.

ಡ್ರೈವರುಗಳು ಮಾತ್ರ ಆ ಪಾಠಕ್ಕೆ ಕೂತಿರಲಿಲ್ಲ.

ಅಮೃತ ಎಂಬ ಡ್ರೈವರು ತನ್ನ ಲಾರಿಗೆ ಗಾದಿ ಹಾಕಿಸಲು ಬಂದು, ಅಪಘಾತದಲ್ಲಿ ಸತ್ತ ತನ್ನ ಕ್ಲೀನರಿನ ಕತೆ ಹೇಳಿದ. ಸಂಘರತ್ನ ನಕ್ಕ. ಅದೇ ಸಲ ಘಾಟಿನಲ್ಲಿ ಅಮೃತನ ಲಾರಿಯ ಬ್ರೇಕು ಹೋಗಿ, ಲಾರಿ ಒಂದು ಮರಳಿನ ಗುಡ್ಡೆಗೆ ನುಗ್ಗಿ ನಿಂತು, ಅವನಿಗೆ ಒಂದು ಗೀರೂ ಆಗಲಿಲ್ಲ. ತೆಂಗಿನಕಾಯಿ, ಸಕ್ಕರೆ ಹಿಡಿದು ಬಂದು ಸಂಘರತ್ನನ ಕಾಲಿಗೆ ಬಿದ್ದ. “ಮಸ್ತಾನ ಸಾವಿನ ಮಾರಿ ಮ್ಯಾಲ ನಕ್ಕಾನ. ಅದು ಹೊಳ್ಳಿ ಹೋಗ್ಯದ!”

ಆಮೇಲೆ ಅವರು ಬರತೊಡಗಿದರು. ಹೊಸ ಗಾದಿಯ ಮೇಲೆ ಮಸ್ತಾನ ನಗಬೇಕು. ನಗು ತಾನಾಗಿ ಬರದಿದ್ದರೆ ಬರಿಸುವ ದಾರಿಯನ್ನೂ ಅವರು ಕಂಡುಕೊಂಡರು. ಒಬ್ಬ ಮೊಬೈಲಿನಲ್ಲಿ ತನ್ನ ಸತ್ತ ಮಗಳ ಫೋಟೊ ತೋರಿಸಿದ. ಇನ್ನೊಬ್ಬ ತಾಯಿಯ ಕೊನೆಯ ಉಸಿರು ಹೇಗಿತ್ತೆಂದು ಉಸಿರಾಡಿ ತೋರಿಸಿದ. ಸಂಘರತ್ನ ಕಿವಿ ಮುಚ್ಚಿಕೊಂಡರೆ ಪ್ರೀತಿಯಿಂದ ಅವನ ಕೈ ಬಿಡಿಸಿ ಹೇಳುತ್ತಿದ್ದರು. ಅವನು ನಕ್ಕಮೇಲೆ ಅವರು ಹಗುರಾಗಿ ಲಾರಿ ಹತ್ತಿ ಹೋಗುತ್ತಿದ್ದರು. ಅವರ ಹೆಣಗಳು ಅವನ ಬಳಿ ಉಳಿಯುತ್ತಿದ್ದವು. ಬಸ್ಸಿನಲ್ಲಿ ಕಿಟಕಿಗೆ ಒರಗಿ ಊರಿಗೆ ಬರುವಾಗ ತನ್ನ ಪಕ್ಕದ ಸೀಟು ಖಾಲಿಯಿಲ್ಲ ಅನ್ನಿಸಿ ಅವನು ಸರಿದು ಕೂರುತ್ತಿದ್ದ.

ಇದನ್ನು ಕೇಳಿ ರತ್ನಮಾಲಾ ಅಂಗಡಿಗೆ ಹೋಗಿ ಕೂಗಾಡಿದ್ದಳು. “ಹುಚ್ಚ ಅಂದ್ರ ಹೊರಗ ದಬ್ಬತೀರಿ, ಮಸ್ತಾನ ಅಂದ್ರ ಮ್ಯಾಲ ಕೂಡಸ್ತೀರಿ. ನಡುವ ಒಂದ ಜಾಗಾ ಇಲ್ಲೇನ್ರಿ ಚಾಚಾ ನಿಮ್ಮ ಅಂಗಡ್ಯಾಗ?”

ಚಾಚಾ ಆಮೇಲೆ ಹಸಿರು ಮಖಮಲ್ಲು ತರಿಸಿದ್ದ.

*

ಲಾರಿಯಿಂದ ಸೈಫುದ್ದೀನ್ ಇಳಿದ. ಓಡಿಸಿಕೊಂಡು ಬಂದವನು ಅಮೃತ. ಸೈಫುದ್ದೀನ್ ಹೆಣದ ಮುಂದೆ ತಲೆಬಾಗಿ ನಿಂತು, ಶೇವಂತಾಬಾಯಿಯ ಕಡೆ ಕೈಯೆತ್ತಿ ಏನೋ ಹೇಳಿದ. “ಹೌದಪ್ಪಾ, ಹೌದು,” ಎಂದಳು ಮುದುಕಿ. ಆಮೇಲೆ ಅವನು ಗಂಡಸರ ಸಾಲಿಗೆ ಬಂದು ಸಂಘರತ್ನನ ಪಕ್ಕದಲ್ಲೇ ಕೂತ. ಅಮೃತ ಬಗ್ಗಿ ಸಂಘರತ್ನನ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡ. ಸಾಲಿನವರೆಲ್ಲ ತಿರುಗಿ ನೋಡಿದರು. ರಾಜೀವನೂ ನೋಡಿದ, ಮಾತು ಕೇಳುವಷ್ಟು ಹತ್ತಿರ ಬಂದು ನಿಂತ.

“ನಿನ್ನೆ ಬಂದಿದ್ಲು ಬೇಟಾ,” ಎಂದ ಸೈಫುದ್ದೀನ್, ತಗ್ಗಿದ ದನಿಯಲ್ಲಿ.

ಗೊತ್ತಿತ್ತು. ಕೇಳುವ ಮೊದಲೇ ಗೊತ್ತಿತ್ತು. ಸಂಘರತ್ನ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡ.

“ಬಂದಾಕಿನೇ ಹೋಗಿ ಆ ಹಸರ ಗಾದಿ ಮ್ಯಾಲ ಕುಂತ್ಲು. ಏಳವಲ್ಲಳು. ಶೇಂಗಾ ತಿಂತಾಳ, ಸಿಪ್ಪಿ ಅಲ್ಲೇ ಚೆಲ್ತಾಳ. ಡ್ರೈವರಗೋಳು ಬಂದ್ರ, ‘ಬರ್ರಿ, ನಾನೂ ಕುಂಟಿ ಇದ್ದೇನಿ, ನನ್ನ ಕಾಲ ಮುಟ್ಟಿ ಹೋಗ್ರಿ, ನಿಮ್ಮ ಗಾಡೀ ಗಾಲಿ ಘಟ್ಟಿ ಆಗ್ತಾವ,’ ಅಂತಾಳ.” ಅವನ ಗಡ್ಡ ಅದುರಿತು. “ಕಡೀಕ ನಾ ಕೈ ಮುಗದು, ನೋಡೋಣ ಏಳವ್ವಾ ಅಂದೆ. ಅಷ್ಟೇ ಅಂದಿದ್ನಿ, ನೋಡೋಣ ಅಂತ. ಆಕಿ ಬಸ್ಸಿಗೆ ಹೋದ್ಲು.”

ಅವನು ಸಂಘರತ್ನನ ಕಡೆ ತಿರುಗಿದ.

“ಖರೇ ಹೇಳು. ಆಕಿ ಅಳಾಕತ್ತಾನ ಅಂತಿದ್ಲು. ಇವರು ಮಸ್ತಾನ ನಗಾಕತ್ತಾನ ಅಂತಾರ. ಇಷ್ಟ ದಿನಾ ಆತು, ನಿನ್ನ ಬಾಯಿಂದ ಒಂದ ಸಲಾನೂ ನಾ ಕೇಳಿಲ್ಲ. ನಾ ನಿನಗ ಆ ಗಾದಿ ಮ್ಯಾಲ ಕೂಡಸಿದ್ರ ಪುಣ್ಯಾ ಆಗ್ತದೋ, ಪಾಪ ಆಗ್ತದೋ? ಈಗ ಕೇಳಬೇಕಂದ್ರ ಆಕೀನೂ ಇಲ್ಲ.”

ಸಂಘರತ್ನ ಹೇಳಬೇಕೆಂದಿದ್ದ. ಆದರೆ ಟವೆಲ್ಲು ತೆಗೆದರೆ ಹೊರಬರುವುದು ಮಾತಲ್ಲವೆಂದು ಅವನಿಗೆ ಗೊತ್ತಿತ್ತು. ಅವಳು ಆ ಮಖಮಲ್ಲಿನ ಮೇಲೆ ಸಿಪ್ಪೆ ಚೆಲ್ಲುತ್ತ ಕೂತದ್ದು ಅವನ ಕಣ್ಣೆದುರೇ ಇತ್ತು. ನಗು ಕುತ್ತಿಗೆಯವರೆಗೆ ಬಂದಿತ್ತು. ಅವನು ಎದ್ದು, ಬಗ್ಗಿಕೊಂಡೇ, ಶಾಮಿಯಾನದಾಚೆ ಓಡಿದ. ಹಿಂದಿನಿಂದ ಅಮೃತನ ದನಿ ಕೇಳಿಸಿತು: “ನೋಡ್ರಿ ಚಾಚಾ, ಏನೋ ಬಂದದ ಅವಗ. ನಾಳೆ ಸೋಮಾರ ಆರು ಗಾಡಿ ಹೊಂಟಾವ ಹೈದರಾಬಾದಿಗಿ. ಎಲ್ಲಾರೂ ಮಸ್ತಾನನ ಹಾದಿ ನೋಡಾಕತ್ತಾರ.”

*

ಹೊಲದಂಚಿನ ಮಣ್ಣು ಮಾಡುವ ಜಾಗಕ್ಕೆ ಹೆಣ ಹೊತ್ತು ನಡೆದರು. ಸುತ್ತ ತೊಗರಿ ಹೂ ಬಿಟ್ಟಿತ್ತು. ಸಂಘರತ್ನ ಎಲ್ಲರಿಗಿಂತ ಹಿಂದೆ ನಡೆದ. ಸುಜಾತಾ ಅವನ ಅಂಗಿಯ ಹಿಂಬದಿ ಹಿಡಿದಿದ್ದಳು, ಗಾಳಿಗೆ ಹಾರಿಹೋಗುವುದನ್ನು ಹಿಡಿದಂತೆ.

ಊರ ಹಿರಿಯ ದೇವಿದಾಸ ಬಿಳಿ ಟೊಪ್ಪಿಗೆ ಹಾಕಿಕೊಂಡು ಬೌದ್ಧರ ತ್ರಿಶರಣ, ಪಂಚಶೀಲ ಹೇಳಿಸಿದ. ಎಲ್ಲರೂ ಕೈ ಮುಗಿದು ದನಿಗೂಡಿಸಿದರು. ಸಂಘರತ್ನ ತುಟಿ ಮಾತ್ರ ಅಲ್ಲಾಡಿಸಿದ. ನೆಲ ನೋಡಿದ. ಇರುವೆಯೊಂದು ಹೊಟ್ಟು ಎಳೆದುಕೊಂಡು ಹೋಗುತ್ತಿತ್ತು. ಅದನ್ನೇ ನೋಡಿದ. ಇದೊಂದು ಮುಗಿಯಲಿ. ಮಣ್ಣು ಎಳೆಯುವವರೆಗೆ ತಡೆದರೆ ಸಾಕು.

ಹೆಣ ಇಳಿಸಿದರು. ರಾಜೀವ ಅಕ್ಕನ ಊರುಗೋಲನ್ನು ಎತ್ತಿಕೊಂಡು ಗುಂಡಿಯ ಅಂಚಿಗೆ ಬಂದ, ಅವಳ ಪಕ್ಕ ಇಡಲು.

“ಕೋಲು ಇಡಬ್ಯಾಡೋ,” ಎಂದು ಶೇವಂತಾಬಾಯಿ ಕೂಗಿದಳು. “ಯಾರಿಗರ ಬೇಕಾಗ್ತದ.”

ರಾಜೀವ ತಡೆದು ನಿಂತು, ಕೋಲನ್ನು ಹಿಂದಕ್ಕೆ ಕೊಟ್ಟ. ಸಂಘರತ್ನ ತಲೆಯೆತ್ತಿದ. ಗುಂಡಿಯೊಳಗೆ ರತ್ನಮಾಲಾ ಕೋಲಿಲ್ಲದೆ ಮಲಗಿದ್ದಳು. ಅವಳನ್ನು ಅವನು ಕೋಲಿಲ್ಲದೆ ಒಂದು ದಿನವೂ ನೋಡಿರಲಿಲ್ಲ. ಇನ್ನು ಏಳುವುದು ಹೇಗೆ ಇವಳು, ಎಂದುಕೊಂಡ.

ನಗು ಬಂತು.

ಟವೆಲ್ಲು ಎಲ್ಲಿ ಬಿತ್ತೋ ಗೊತ್ತಾಗಲಿಲ್ಲ. ಬೆಳಗಿನಿಂದ ತಡೆದದ್ದೆಲ್ಲ ಒಟ್ಟಿಗೆ ಬಂತು. ಹೊಟ್ಟೆ ಹಿಡಿದು, ಮಂಡಿ ಮಡಿಸಿ, ಬಾಯಿ ಅಗಲಿಸಿ ಅವನು ನಕ್ಕ. ತೊಗರಿ ಹೊಲದಿಂದ ಹಕ್ಕಿಗಳು ಎದ್ದವು. ದೇವಿದಾಸನ ದನಿ ನಿಂತಿತು. ಎಲ್ಲ ಮುಖಗಳೂ ಅವನ ಕಡೆ ತಿರುಗಿದವು, ಅಪ್ಪನ ಮಣ್ಣಿನ ದಿನ ತಿರುಗಿದ್ದಂತೆಯೇ.

“ಬೇಷರಮ್!” ರಾಜೀವ ಗುಂಡಿ ಸುತ್ತಿ ಓಡಿಬಂದು ಅವನ ಕಾಲರ್ ಹಿಡಿದೆತ್ತಿದ. “ನಿನ್ನ ಸಲುವಾಗಿನೇ ಹೋಗಿ ಸತ್ತಾಳ ಆಕಿ. ನಗತೀ? ನಗತೀ?”

“ಮುಟ್ಟಬ್ಯಾಡ್ರಿ!” ಅಮೃತ ಜನರನ್ನು ಸೀಳಿಕೊಂಡು ಬಂದ. “ಕೈ ಸುಟ್ಟ ಹೋಗ್ತದ! ಮಸ್ತಾನ ನಕ್ಕಾನ, ಅಕ್ಕಾನ ಹಾದಿ ತೆರೀತು!” ಎಂದವನೇ ಮಣ್ಣಿನಲ್ಲಿ ಅಡ್ಡಬಿದ್ದು ಸಂಘರತ್ನನ ಎರಡೂ ಕಾಲು ತಬ್ಬಿಕೊಂಡ.

ಒಬ್ಬ ಕಾಲರ್ ಹಿಡಿದಿದ್ದ, ಒಬ್ಬ ಕಾಲು ಹಿಡಿದಿದ್ದ. ಸಂಘರತ್ನ ಅಲ್ಲಾಡಲಾಗದೆ ನಡುವೆ ನಿಂತು ನಗುತ್ತಿದ್ದ. “ಅವರು ಅಳಾಕತ್ತಾರ್ರೀ!” ಎಂದು ಸುಜಾತಾ ಚೀರಿದಳು. “ಹೆಂಡ್ತಿ ಅಲ್ಲೇನು, ಮುಚ್ಚಾಕತ್ತಾಳ,” ಎಂದರು ಯಾರೋ. ಜನರ ಹಿಂದೆ ಸೈಫುದ್ದೀನನ ಗಡ್ಡ ಕಾಣಿಸಿತು. ಅವನು ಕಾಲರ್ ನೋಡಿದ, ಕಾಲು ನೋಡಿದ. ಯಾವುದು ಸರಿಯೆಂದು ಅವನಿಗೂ ಗೊತ್ತಿರಲಿಲ್ಲ. ಸಂಘರತ್ನನಿಗೆ ಹೊಡೆತದ ಭಯವಿರಲಿಲ್ಲ. ಹೊಡೆತ ಒಂದು ಹೊತ್ತಿಗೆ ಮುಗಿಯುತ್ತದೆ. ಅವನಿಗೆ ನಾಳೆ ಕಾಣುತ್ತಿತ್ತು: ಹಸಿರು ಗಾದಿ, ಸಾಲು ಲಾರಿ, ಒಬ್ಬೊಬ್ಬರೇ ಬಂದು ಕಿವಿಯ ಬಳಿ ಬಗ್ಗಿ ತಮ್ಮ ಸಾವುಗಳನ್ನು ಒಳಗೆ ಸುರಿಯುವುದು. ಇಂದಿನದನ್ನೂ ಅವರು ಹೇಳುತ್ತಾರೆ. ಮಸ್ತಾನಾ, ಆ ಕುಂಟ ಅಕ್ಕ ಸತ್ತಳಲ್ಲಾ, ಎಂದು ದಿನಾ ಹೇಳುತ್ತಾರೆ.

“ಅ…” ಎಂದ. ನಗು ನುಂಗಿತು.

ಶೇವಂತಾಬಾಯಿ ಮೊಮ್ಮಕ್ಕಳ ಹೆಗಲು ಹಿಡಿದು ಹತ್ತಿರ ಬಂದಿದ್ದಳು. ಮುದುಕಿಗೆ ಸದ್ದು ಕೇಳುತ್ತಿರಲಿಲ್ಲ. ಅವನ ಬಾಯಿ ಮಾತ್ರ ಕಾಣುತ್ತಿತ್ತು. “ಏನಂತಾನ ಇಂವ?” ಎಂದು ಸುತ್ತಲಿನವರನ್ನು ಕೇಳಿದಳು. “ಯಾರರ ಕೇಳ್ರೆವ್ವಾ, ಏನೋ ಅಂತಾನ.”

“ಅಳಾ…” ಎಂದ ಸಂಘರತ್ನ. ಮತ್ತೆ ಬಂತು ನಗು, ಹೊಟ್ಟೆಯನ್ನು ಹಿಂಡಿ. ಉಸಿರು ಸಿಗಲಿಲ್ಲ. ಒಂದು ಮಾತು ಬಿಡಬೇಕು. ಅದು ದಾಟಿದ ಮೇಲೆ ಇನ್ನೊಂದು. ಎರಡು ನಗುವಿನ ನಡುವೆ ಸಂದಿಯೊಂದು ಸಿಗುತ್ತದೆ, ಹೊಲಿಗೆಯ ಎರಡು ತೂತುಗಳ ನಡುವಿನಷ್ಟು. ಅವನು ಕಾದ.

“ಅಳಾಕತ್ತೇನಿ.”

ನಗು. ಸಂದಿ.

“ನಾ ಅಳಾಕತ್ತೇನಿ. ಕಾಲ ಬಿಡು ಅಮೃತಾ.”

ನಗು, ಉದ್ದಕ್ಕೆ. ರಾಜೀವನ ಮುಷ್ಟಿ ಅವನ ಗಂಟಲ ಬಳಿಯೇ ಇತ್ತು. ಒಳಗೆ ಏನು ನಡೆಯುತ್ತಿದೆಯೆಂಬುದು ಆ ಮುಷ್ಟಿಗೆ ತಾಕುತ್ತಿದ್ದಿರಬೇಕು. ಅವನು ಸಂಘರತ್ನನ ಮುಖವನ್ನು ಅಷ್ಟು ಹತ್ತಿರದಿಂದ ನೋಡಿದ. ಬೆರಳುಗಳು ಒಂದೊಂದಾಗಿ ಸಡಿಲಾದವು.

“ಚಾಚಾ,” ಎಂದ ಸಂಘರತ್ನ. “ನಾ ಕೂಡಂಗಿಲ್ಲ. ಆ ಗಾದಿ ಮ್ಯಾಲ. ನಾ ಹೊಲಿಯಾವ.”

ಅಷ್ಟೇ ಆಗಿದ್ದು. ಮುಂದಿನದು ಮಾತಾಗಲಿಲ್ಲ. ಅವನು ನೆಲಕ್ಕೆ ಕೂತು, ಎರಡೂ ಕೈಯಿಂದ ಮಣ್ಣು ಹಿಡಿದು ನಗತೊಡಗಿದ, ಇನ್ನು ನಿಲ್ಲುವುದೇ ಇಲ್ಲವೇನೋ ಅನ್ನುವಂತೆ.

ಸೈಫುದ್ದೀನ್ ಜನರ ನಡುವಿನಿಂದ ಮುಂದೆ ಬಂದ. ತೆರೆದ ಆ ಬಾಯನ್ನು, ಉಬ್ಬಿದ ಕುತ್ತಿಗೆಯನ್ನು ಒಂದು ಗಳಿಗೆ ನೋಡಿದ. “ನಾಳಿ ಬ್ಯಾಡ,” ಎಂದ. ನಿಲ್ಲಿಸಿದ. ಆ ಮಾತು ದಾಟಲೆಂದು ಕಾದ. “ನಾಡದ ಬಾ. ಆ ಟಾಟಾದ ಗಾದಿ ಅರ್ಧಾ ಹೊಲದು ಬಿಟ್ಟೀದಿ.”

ಆಮೇಲೆ, ಎದುರಿಗೆ ಗಂಡಸೊಬ್ಬ ಅಳತೊಡಗಿದಾಗ ಗಂಡಸರು ಮಾಡುವಂತೆ, ಮುಖವನ್ನು ಪಕ್ಕಕ್ಕೆ ತಿರುಗಿಸಿ ತೊಗರಿ ಹೊಲ ನೋಡುತ್ತ ನಿಂತ. ರಾಜೀವ ಬೆನ್ನು ತಿರುಗಿಸಿದ. ದೇವಿದಾಸ ಟೊಪ್ಪಿಗೆ ಕಳಚಿ ಅದರ ಒಳಗೆ ನೋಡಿದ. ಅಮೃತ ಮೊಣಕಾಲ ಮೇಲೆ ಎದ್ದು, ಮುಟ್ಟಿದ್ದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ, ತನ್ನ ಲಾರಿ ನಿಂತ ದಿಕ್ಕಿಗೆ ಕಣ್ಣು ಹೊರಳಿಸಿದ. ಒಬ್ಬೊಬ್ಬರಾಗಿ ಎಲ್ಲರೂ ಬೇರೆ ಕಡೆ ನೋಡತೊಡಗಿದರು: ಸಲಿಕೆಯನ್ನು, ಚಪ್ಪಲಿಯನ್ನು, ಆಕಾಶವನ್ನು. ಸುತ್ತಲೂ ಬರೀ ಬೆನ್ನುಗಳು. ನಡುವೆ ಅವನ ನಗು.